ಉಸಿರಿಗೆ ಜಾಗ ಬಿಡುವ ಲುಂಬಿನಿ

ಬೆಳಗಿನ ಐದೂವರೆ. ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಪಾಲಿಶ್ ಯಂತ್ರಗಳು ಏಳಕ್ಕೆ ಶುರುವಾಗುತ್ತವೆ. ಆಮೇಲೆ ಮೈಕಿನಲ್ಲಿ ಕಲ್ಲಿನ ಕೂಗು ಬಿಟ್ಟು ಬೇರೇನೂ ಕೇಳುವುದಿಲ್ಲ. ಅಷ್ಟರೊಳಗೆ ಹಾಡು ರೆಕಾರ್ಡ್ ಮಾಡಬೇಕಾದ ಲುಂಬಿನಿ ಗಡಿಯಾರ ನೋಡುತ್ತಲೇ ಕೀಬೋರ್ಡಿನ ಧೂಳು ಒರೆಸುತ್ತಾರೆ. ಎದುರಿಗೆ ಹಾಡು ಕಟ್ಟಿ ಹಾಡುವ ಅರವತ್ತೆಂಟು ವರ್ಷದ ಅನಸುಬಾಯಿ, ಕೊರಳಿಗೆ ಮಫ್ಲರ್ ಸುತ್ತಿ ಕುಳಿತಿದ್ದಾರೆ. ಮಳಖೇಡದಿಂದ ನಿನ್ನೆ ಸಂಜೆಯೇ ಬಂದವರು. ಸೋಮವಾರ ಅವರಿಗೆ ಗಂಟಲಿನ ಆಪರೇಷನ್. ದನಿ ಮೊದಲಿನಂತೆ ಬರುತ್ತದೆಂದು ಡಾಕ್ಟರು ಹೇಳಿಲ್ಲ. ಇವತ್ತು ಶನಿವಾರ.

ಸ್ಪೀಕರ್ ಗರಗರ ಎನ್ನುತ್ತದೆ. "ನಿನ್ನ ಪೆಟ್ಟಿಗಿಗೂ ಒಂದ್ ಕಪ್ ಚಾ ಹಾಕು ಮಗಳ, ಅದೂ ನನ್ನಂಗ ಕೆಮ್ಮಾಕತ್ತದ" ಎನ್ನುತ್ತಾರೆ ಅನಸುಬಾಯಿ.

"ನಗಬ್ಯಾಡ ಆಯಿ, ದಮ್ಮು ಹತ್ತತದ" ಎನ್ನುತ್ತಾರೆ, ಅವರನ್ನು ಆಯಿ ಎಂದೇ ಕರೆಯುವ ಲುಂಬಿನಿ.

ನಲವತ್ತೊಂದರ ಲುಂಬಿನಿ ಹಗಲು ಸರಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಾರೆ. ಒಡಹುಟ್ಟಿದ ತಮ್ಮ ಆರ್ಕೆಸ್ಟ್ರಾ ಬಿಟ್ಟಾಗ ಮನೆಯಲ್ಲಿ ಉಳಿದ ಕೀಬೋರ್ಡಿನಲ್ಲಿ ತಾವೇ ಕಲಿತವರು. ಹನ್ನೊಂದು ವರ್ಷಗಳಲ್ಲಿ ಸೇಡಂ, ವಾಡಿ, ಚಿಂಚೋಳಿ ಕಡೆಯ ಹೆಂಗಸರು ಕಟ್ಟಿದ ನೂರಾ ಎಂಬತ್ತಾರು ಹಾಡುಗಳಿಗೆ ವಾದ್ಯ ಕೂಡಿಸಿದ್ದಾರೆ. ಗುಂಡಿ ಒತ್ತಿದರೆ ಕೀಬೋರ್ಡಿನ ತಾಳ ತಾನಾಗಿ ಓಡುತ್ತದೆ. ಹಾಡುವವರು ಅದರ ಹಿಂದೆ ಓಡಬೇಕು. ಲುಂಬಿನಿ ಆ ಗುಂಡಿ ಮುಟ್ಟುವುದಿಲ್ಲ. ಮೊದಲು ದನಿ ಹಿಡಿದು, ಆಮೇಲೆ ಒಂದೊಂದೇ ಪೆಟ್ಟನ್ನು ಬೆರಳಿನಿಂದ ಸೇರಿಸುತ್ತಾರೆ. ಹಾಡುವವರು ಉಸಿರು ಎಳೆದುಕೊಂಡಲ್ಲಿ ತಾಳವೂ ಕಾಯುತ್ತದೆ.

"ಆಯಿ ಮೊದಲ ಒಂದು ನುಡಿಗಿ ಎರಡು ಸಲ ಉಸುರು ತಗೋತಿದ್ದಳ್ರಿ. ಈಗ ಐದು. ಎಣಸಾಕಿ ನಾನೇ ಅಲ್ರಿ, ಅದಕ್ಕ ಅಂಜಿಕಿ" ಎನ್ನುತ್ತಾರೆ ಲುಂಬಿನಿ, ನಮ್ಮ ಕಡೆ ತಿರುಗಿ.

ಕಾಗಿಣಾ ನದಿಯ ದಂಡೆಯಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅನಸುಬಾಯಿ ಕಟ್ಟಿದ ಈ ಹಾಡಿಗೆ ಆರು ನುಡಿ, ಅಂದರೆ ಆರು ಚರಣ. ಐದನೆಯದರ ರೆಕಾರ್ಡಿಂಗ್ ಈಗಷ್ಟೇ ಮುಗಿಯಿತು. ಆರನೆಯದರಲ್ಲಿ ಕಟ್ಟಿದವರ ಹೆಸರು, ಊರು ಬರುತ್ತದೆ. ಹಿಂದೊಮ್ಮೆ ಲುಂಬಿನಿ ಅವಸರಪಟ್ಟು, ಹೆಸರಿನ ನುಡಿ ಇಲ್ಲದೆಯೇ ಅನಸುಬಾಯಿಯ ಹಾಡೊಂದನ್ನು ಮೊಬೈಲುಗಳಿಗೆ ಕಳಿಸಿದ್ದರು. ಮೂರು ತಿಂಗಳಲ್ಲಿ ಬೇರೊಬ್ಬರು ತಮ್ಮ ಹೆಸರು ಸೇರಿಸಿ ಹಾಡಿಬಿಟ್ಟರು. ಆ ನೋವು ಲುಂಬಿನಿಗೆ ಇನ್ನೂ ಹೋಗಿಲ್ಲ.

"ಹೆಸರಿನ ನುಡಿ ಇವತ್ತೇ ಹಾಡು ಆಯಿ."

"ಹೆಸರು ಹಾಡಿದ್ರ ಹಾಡು ಮುಗದಂಗ. ಎಲ್ಲಾ ಮುಗಿಸಿ ದವಾಖಾನಿಗಿ ಹೋಗಂಗಿಲ್ಲ ನಾ. ಒಂದು ನುಡಿ ಉಳದ್ರ, ಹಾಡಾಕಾದ್ರೂ ವಾಪಸ್ ಬರಬೇಕಾಗತದ."

"ಬರ್ತೀ. ಆದ್ರ ದನಿ ಬರಲಿಲ್ಲಂದ್ರ?"

"ಪಿಸಿಪಿಸಿ ಅಂತೀನಿ. ನಿನ್ನ ಮೈಕು ಕಿವುಡೇನು?"

ಲುಂಬಿನಿ ಮತ್ತೆ ಒತ್ತಾಯಿಸುವುದಿಲ್ಲ. ದನಿಯಿಲ್ಲದ ಆರನೆಯ ನುಡಿಗೆ ತಾಳವನ್ನಷ್ಟೇ ಕೂಡಿಸತೊಡಗುತ್ತಾರೆ. ನಡುನಡುವೆ ಬೆರಳೆತ್ತಿ, ಅನಸುಬಾಯಿಯ ಮುಖ ನೋಡಿ, ತಡೆದು, ಮುಂದಿನ ಪೆಟ್ಟು ಒತ್ತುತ್ತಾರೆ. ಹೊರಗೆ ಮೊದಲ ಯಂತ್ರ ಕೂಗುತ್ತದೆ. ಪೆನ್‌ಡ್ರೈವಿಗೆ ಒಮ್ಮೆ ಉಳಿಸಿ, ನಂಬಿಕೆ ಸಾಲದೆ ಇನ್ನೊಮ್ಮೆ ಉಳಿಸುತ್ತಾರೆ.

ಆರನೆಯ ನುಡಿಯಲ್ಲಿ ಎಷ್ಟು ಉಸಿರಿಗೆ ಜಾಗ ಬಿಟ್ಟಿರಿ ಎಂದು ನಾವು ಕೇಳಿದರೆ, ಲುಂಬಿನಿ ದನಿ ತಗ್ಗಿಸಿ ಹೇಳುತ್ತಾರೆ:

"ಒಂಬತ್ತಕ್ಕ ಬಿಟ್ಟೀನ್ರಿ. ಸಾಲಲಿಲ್ಲಂದ್ರ ಇನ್ನಾ ಬಿಡತೀನಿ. ನನ್ನ ಹೆಸರು ಯಾ ಹಾಡಿನ್ಯಾಗೂ ಬ್ಯಾಡ್ರಿ. ಆಯಿ ಹೆಸರು ಆಯಿ ಬಾಯಾಗ ಬರ್ಲಿ, ಅಷ್ಟ."