ಐದೂ ಖಾಲಿ ಜಾಗಕ್ಕೆ ಒಂದೇ ಉತ್ತರ

ಮನೆ ಹಾವೇರಿಯಲ್ಲಿ, ನೌಕರಿ ರಾಣೆಬೆನ್ನೂರಿನ ಹೈಸ್ಕೂಲಿನಲ್ಲಿ. ಸಂಜೆ ವಾಪಸು ಬರುವಾಗ ನಡುವೆ ಬ್ಯಾಡಗಿಯಲ್ಲಿಳಿದು, ಎಸ್ಸೆಸ್ಸೆಲ್ಸಿ ಫೇಲಾದವರಿಗೆ ಇಂಗ್ಲಿಷ್ ಟ್ಯೂಶನ್. ಎಂಬತ್ತರ ದಶಕದ ಆ ವರ್ಷಗಳು ನನಗೆ ಹೀಗೇ ಕಳೆದವು. ಬಸ್ಸಿನಲ್ಲಿ ನಿಂತು ನಿಂತು ಅರ್ಧ ಜೀವ ಹೋಗಿರುತ್ತಿತ್ತು. ಉಳಿದರ್ಧವನ್ನು ಇನ್, ಆನ್, ಅಟ್ ತಿನ್ನುತ್ತಿದ್ದವು. ಪಾಠದ ಕೋಣೆಯ ಹಿಂದೆಯೇ ಮೆಣಸಿನಕಾಯಿ ಗೋದಾಮು. ಒಬ್ಬರು ಕೆಮ್ಮಿದರೆ ಎಲ್ಲರೂ ಕೆಮ್ಮುತ್ತಿದ್ದೆವು.

"ಸೋಮವಾರಕ್ಕ ಬಾ ಅಂತೀವಿ, ಐದಕ್ಕ ಬಾ ಅಂತೀವಿ, ಜೂನ್ ತಿಂಗಳಕ್ಕ ಬಾ ಅಂತೀವಿ. ನಮಗ ಒಂದ 'ಕ್ಕ' ಸಾಕಾಗತೈತಿ. ಈ ಇಂಗ್ಲಿಷಿನವರಿಗ್ಯಾಕ ಮೂರು ಬೇಕ್ರಿ ಅಕ್ಕಾರ?"

ಹೀಗೆ ಕೇಳಿದವಳು ಮೋಟೆಬೆನ್ನೂರಿನ ಒಬ್ಬ ಸೊಸೆ. ಸಣ್ಣ ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ಬರುತ್ತಿದ್ದಳು. ಉಳಿದ ವಿಷಯಗಳೆಲ್ಲ ಮದುವೆಗೆ ಮುಂಚೆಯೇ ಪಾಸಾಗಿದ್ದವು, ಇಂಗ್ಲಿಷ್ ಒಂದೇ ಕಾಡುತ್ತಿತ್ತು. ಅದೊಂದು ದಾಟಿದರೆ ಊರಿಗೆ ಬರಲಿದ್ದ ಅಂಗನವಾಡಿಯ ಕೆಲಸ ತನಗೇ ಸಿಗುತ್ತದೆಂಬ ಆಸೆ ಅವಳದು. "ಇದೊಂದ ಸಲ ಬರೀ. ಆಮ್ಯಾಲ ಸುಮ್ಮನ ಮನ್ಯಾಗ ಕುಂದ್ರು" ಎಂದಿದ್ದರಂತೆ ಅತ್ತೆ.

ಅವಳ ಪ್ರಶ್ನೆಗೆ ನನ್ನಲ್ಲಿ ಉತ್ತರವಿತ್ತು, ಬಿಡಿಸಿ ಹೇಳುವ ತ್ರಾಣವಿರಲಿಲ್ಲ. ಪರೀಕ್ಷೆಗೆ ವಾರವಿದ್ದಾಗಂತೂ, ಸಾಕಪ್ಪಾ ಸಾಕು ಅನಿಸಿ ಕೈಚೆಲ್ಲಿಬಿಟ್ಟೆ.

"ಒಂದೊಂದು ಮಾರ್ಕಿನ ಐದು ಖಾಲಿ ಜಾಗ ಬರ್ತಾವ. ಐದಕ್ಕೂ 'ಇನ್' ಅಂತ ಬರದ್ಬಿಡ್ರಿ. ಎರಡಾದ್ರೂ ಖರೇ ಆಗತಾವ. ತಲಿ ಕೆಡಿಸ್ಕೋಬ್ಯಾಡ್ರಿ."

ಎಲ್ಲರೂ ನಕ್ಕರು. ಅವಳು ಮಾತ್ರ ನಗದೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕೆಳಗೆ ಗೆರೆ ಎಳೆದಳು. ಆಗ ಟ್ಯೂಶನ್ ಹೇಳುತ್ತಿದ್ದ ಬಹಳ ಮಂದಿ ಕೊಡುತ್ತಿದ್ದ ಉಪಾಯವೇ ಅದು. ನನ್ನದೇನೂ ಹೊಸ ಪಾಪವಲ್ಲ ಎಂದುಕೊಂಡಿದ್ದೆ.

ಆ ಸಲದ ಪ್ರಶ್ನೆಪತ್ರಿಕೆಯಲ್ಲಿ ಐದರಲ್ಲಿ ಒಂದಕ್ಕೂ 'ಇನ್' ಹೊಂದುತ್ತಿರಲಿಲ್ಲ.

ಫಲಿತಾಂಶ ಬಂದ ವಾರ ಅವಳು ಒಬ್ಬಳೇ ಬಂದಳು. ಮೂವತ್ತೈದು ಬೇಕಿದ್ದ ಕಡೆ ಮೂವತ್ತಮೂರು ಬಂದಿತ್ತು. ಬೈದುಬಿಡಲಿ, ಹಗುರಾಗುತ್ತೇನೆ ಎಂದು ಕಾದೆ.

"ಬೈಯಾಕ ಬಂದಿಲ್ರಿ ಅಕ್ಕಾರ," ಎಂದು ಮಡಚಿದ್ದ ಪ್ರಶ್ನೆಪತ್ರಿಕೆಯನ್ನು ಬಿಚ್ಚಿದಳು. ಮೂರು ಖಾಲಿ ಜಾಗಗಳ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಏನೋ ಸಣ್ಣಗೆ ಬರೆದಿತ್ತು. "ಇವು ಮೂರು ನನಗ ಬರ್ತಾವ ಅನಿಸಿ ಮೊದಲ ಇಲ್ಲಿ ಬರಕೊಂಡೆ. ಆಮ್ಯಾಲ, ಅಕ್ಕಾರಿಗಿಂತ ನನಗ ಹೆಚ್ಚು ತಿಳೀತೈತೇನು ಅಂತ, ಉತ್ತರಪತ್ರಿಕ್ಯಾಗ ಐದಕ್ಕೂ ಇನ್ ಬರದೆ. ಇವು ಸರಿ ಇದ್ವೋ ತಪ್ಪಿದ್ವೋ, ಅಷ್ಟ ಹೇಳ್ರಿ."

ಓದಿದೆ. ಮತ್ತೊಮ್ಮೆ ಓದಿದೆ. ತಪ್ಪು ಎಂದುಬಿಟ್ಟರೆ ಇಬ್ಬರಿಗೂ ನೆಮ್ಮದಿ. ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಸರಿ ಉತ್ತರಕ್ಕೆ ಅಡ್ಡಗೆರೆ ಎಳೆದು ನನಗೆ ರೂಢಿಯಿರಲಿಲ್ಲ.

"ಮೂರೂ ಸರಿ ಅದಾವ" ಎಂದೆ.

ಅವಳು ಕಾಗದವನ್ನು ಮೊದಲಿನ ಮಡಿಕೆಯಲ್ಲೇ ಮಡಚಿದಳು. ನನಗೆ ಅಳು ಬಂದಿತ್ತು. ಅದನ್ನು ಕಂಡಳೋ ಏನೋ, ಬಾಗಿಲ ಹತ್ತಿರ ಹೋದವಳು ತಿರುಗಿ ನಿಂತಳು.

"ಮನ್ಯಾಗ ಹೇಳೂದಿಲ್ಲ ತಗೋರಿ ಅಕ್ಕಾರ. ನಮ್ಮತ್ತಿ ನಿಮಗ ಬೈತಾರ."