ಸವೆದುಹೋದ ಮೇಲ್ದನಿ

ಆ ಬೀದಿಯಲ್ಲಿ ಎರಡು ಅಂಗಡಿಗಳು ಒಂದೇ ಗೋಡೆಗೆ ಒರಗಿಕೊಂಡು ನಿಂತಿದ್ದವು. ಒಂದರಲ್ಲಿ ಕನ್ನಡಕ, ಇನ್ನೊಂದರಲ್ಲಿ ಕಟ್ಟುಹಲ್ಲಿನ ಸೆಟ್ಟು. ಕನ್ನಡಕದವನನ್ನು ಜನ ಗಾಜಣ್ಣ ಎನ್ನುತ್ತಿದ್ದರು, ಹಲ್ಲಿನವನನ್ನು ಹಲ್ಲಣ್ಣ. ಹೆತ್ತವರು ಇಟ್ಟ ಹೆಸರುಗಳು ಅಂಗಡಿಯ ಬೋರ್ಡಿನ ಮೇಲೆ ಬಿಸಿಲಿಗೆ ಮಾಸಿ, ಯಾರಿಗೂ ಬೇಡವಾಗಿ ಬಿದ್ದಿದ್ದವು. ವಯಸ್ಸಾಗುತ್ತ ಬಂದವರು ಮೊದಲು ಗಾಜಣ್ಣನ ಮೆಟ್ಟಿಲು ಹತ್ತುತ್ತಿದ್ದರು, ಕೆಲವು ವರ್ಷಗಳ ನಂತರ ಹಲ್ಲಣ್ಣನ ಮೆಟ್ಟಿಲು.

"ಕಣ್ಣು ನಿನ್ನ ಪಾಲು, ಬಾಯಿ ನನ್ನ ಪಾಲು. ಕಿವಿಗೆ ಅಂತ ಯಾರಾದ್ರೂ ಮೂರನೇ ಅಂಗಡಿ ತೆಗೀಬೇಕು ಕಣೋ," ಎಂದು ಹಲ್ಲಣ್ಣ ತಾನೇ ಕಟ್ಟಿದ ಹಲ್ಲು ತೋರಿಸಿ ನಗುತ್ತಿದ್ದ.

ಭಾನುವಾರ ಮಧ್ಯಾಹ್ನ ಇಬ್ಬರೂ ಗಾಜಣ್ಣನ ಅಂಗಡಿಯ ಹಿಂಕೋಣೆ ಸೇರುತ್ತಿದ್ದರು. ಗಾಜು ಉಜ್ಜುವ ಚಕ್ರ, ಒಡೆದ ಫ್ರೇಮುಗಳ ಡಬ್ಬ, ಇವುಗಳ ನಡುವೆ ಒಂದು ಹಳೆಯ ರೆಕಾರ್ಡ್ ಪ್ಲೇಯರ್. ಅದರಲ್ಲಿ ತಿರುಗುತ್ತಿದ್ದದ್ದು ಅರವತ್ತರ ದಶಕದ ಇಂಗ್ಲೆಂಡಿನ ಹಾಡುಗಳು. ಮೀಸೆ ಚಿಗುರುವ ವಯಸ್ಸಿನಲ್ಲಿ ಯಾರದೋ ಮನೆಯ ರೇಡಿಯೋದಲ್ಲಿ ಕೇಳಿ ತಲೆ ಕೆಡಿಸಿಕೊಂಡದ್ದು. ಮೀಸೆ ಬೆಳ್ಳಗಾದರೂ ತಲೆ ನೆಟ್ಟಗಾಗಲಿಲ್ಲ.

ಅವರನ್ನು ಹಿಡಿದದ್ದು ಒಂದೇ ಸಂಗತಿ: ಮೂವರು ಹುಡುಗರು ಒಂದೇ ಹಾಡನ್ನು ಮೂರು ಎತ್ತರದಲ್ಲಿ ಒಟ್ಟಿಗೆ ಹಾಡುವ ಪರಿ. ನಡುದನಿ ರೆಕಾರ್ಡಿಗೆ ಬಿಟ್ಟದ್ದು. ಮೇಲ್ದನಿ ಹಲ್ಲಣ್ಣನದು, ಕೆಳದನಿ ಗಾಜಣ್ಣನದು. ಇಬ್ಬರೂ ರೆಕಾರ್ಡಿನ ಜೊತೆಜೊತೆಗೆ, ಭುಜಕ್ಕೆ ಭುಜ ತಾಗಿಸಿ ಕುಳಿತು ಹಾಡುತ್ತಿದ್ದರು. ಕೆಳದನಿಯ ಕಷ್ಟವೆಂದರೆ, ಒಂಟಿಯಾಗಿ ಅದು ಹಾಡೇ ಅಲ್ಲ, ಹಾಡಿನ ನೆರಳು. ಗಾಜಣ್ಣ ಬಚ್ಚಲಲ್ಲಿ ಅದನ್ನು ಗುನುಗಿದರೆ ಹೆಂಡತಿ ಹೊರಗಿನಿಂದ ಕೇಳುತ್ತಿದ್ದಳು:

"ಏನ್ರೀ, ಒಳಗೆ ಯಾವುದೋ ಕೋಣ ದಾರಿ ತಪ್ಪಿಸಿಕೊಂಡ ಹಾಗಿದೆ?"

ಲೋಕವೆಲ್ಲ ಮೆರೆಸಿದ ತಂಡಗಳ ಮೇಲೆ ಅವರಿಗೆ ಅಷ್ಟಕ್ಕಷ್ಟೇ. ಒಂದೆರಡು ರೆಕಾರ್ಡು ತಂದು, ಆಮೇಲೆ ಗುಮಾಸ್ತಗಿರಿಗೋ ದಿನಸಿ ವ್ಯಾಪಾರಕ್ಕೋ ಮರಳಿದವರೇ ಇವರ ದೇವರುಗಳು. ಅವರಿಗಿಂತಲೂ ದೊಡ್ಡ ದೇವರು ಹಾಡು ಬರೆದವನು. ರೆಕಾರ್ಡಿನ ನಟ್ಟನಡುವಿನ ಚೀಟಿಯಲ್ಲಿ ಹಾಡಿದವರ ಹೆಸರು ದಪ್ಪಕ್ಷರದಲ್ಲಿ. ಬರೆದವನದು ಹಾಡಿನ ಹೆಸರಿನ ಕೆಳಗೆ ಇರುವೆಯಂಥ ಅಕ್ಷರದಲ್ಲಿ, ಬ್ರಾಕೆಟ್ಟಿನೊಳಗೆ, ಜೈಲಿಗೆ ಹಾಕಿದ ಹಾಗೆ. ಚಪ್ಪಾಳೆಯಿಲ್ಲ, ಫೋಟೋ ಇಲ್ಲ. ಆದ್ದರಿಂದ ಇವರಿಬ್ಬರದು ಒಂದು ಪದ್ಧತಿ. ಮುಳ್ಳು ಇಡುವ ಮೊದಲು ಗಾಜಣ್ಣ ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು, ಶಾಲೆಯಲ್ಲಿ ಹಾಜರಿ ಕರೆಯುವ ಮೇಷ್ಟ್ರಂತೆ ಆ ಹೆಸರನ್ನು ಗಟ್ಟಿಯಾಗಿ ಕೂಗಬೇಕು. ಹಲ್ಲಣ್ಣ ಎದ್ದು ನಿಂತು, ಬರಲಾಗದ ಆ ಮನುಷ್ಯನ ಪರವಾಗಿ "ಹಾಜರ್ ಸಾರ್!" ಎನ್ನಬೇಕು. ಆಮೇಲೆಯೇ ಹಾಡು. ಹೊರಗಿನವರು ನೋಡಿದ್ದರೆ ಇಬ್ಬರನ್ನೂ ಒಂದೇ ಆಸ್ಪತ್ರೆಗೆ ಸೇರಿಸುತ್ತಿದ್ದರು.

ಅವರ ಬಳಿ ಇದ್ದುದರಲ್ಲಿ ಒಂದು ರೆಕಾರ್ಡು ಮಾತ್ರ ಪಟ್ಟದ ಆನೆ. ಹಾಡಿನ ಕೊನೆಯಲ್ಲಿ ಮೂರೂ ದನಿ ಒಟ್ಟಿಗೆ ಬಂದು, ಮೇಲ್ದನಿ ಮಾತ್ರ ಉಳಿದವರ ಕೈ ಬಿಡಿಸಿಕೊಂಡು ಮೇಲಕ್ಕೆ ಹೋಗಿ ಅಲ್ಲೇ ನಿಲ್ಲುತ್ತಿತ್ತು. ಆ ಜಾಗ ಬಂದಾಗಲೆಲ್ಲ ಗಾಜಣ್ಣನ ಕಣ್ಣು ಮಂಜಾಗುತ್ತಿತ್ತು. ಅದಕ್ಕೆ ಯಾವ ನಂಬರಿನ ಗಾಜೂ ಅವನ ಅಂಗಡಿಯಲ್ಲಿರಲಿಲ್ಲ.

ಒಂದು ಭಾನುವಾರ ಹಲ್ಲಣ್ಣ ಹೇಳಿದ, "ಲೋ, ಇದನ್ನ ಒಂದು ವಾರ ಮನೆಗೆ ತಗೊಂಡು ಹೋಗ್ಲಾ?"

ರೆಕಾರ್ಡು ಕೋಣೆ ದಾಟಬಾರದೆಂಬುದು ಇಬ್ಬರೂ ಸೇರಿ ಮಾಡಿದ ಕಾನೂನು. ಗಾಜಣ್ಣನ ಮುಖ ಹುಳಿಹುಳಿಯಾಯಿತು.

"ಕಿಡ್ನಿ ಕೇಳು, ಕೊಡ್ತೀನಿ. ಅದು ಎರಡಿದೆ. ಇದು ಒಂದೇ."

"ಒಂದೇ ವಾರ ಕಣೋ. ಯಾಕೆ ಅಂತ ಕೇಳ್ಬೇಡ."

ಗಾಜು ಒರೆಸುವ ಮೆತ್ತನೆ ಬಟ್ಟೆಯಲ್ಲಿ ಸುತ್ತಿ, ಮಗಳನ್ನು ಕಳಿಸಿಕೊಡುವ ತಂದೆಯಂತೆ ನೂರೆಂಟು ಬುದ್ಧಿವಾದ ಹೇಳಿ, ಗಾಜಣ್ಣ ಕೊಟ್ಟ.

ಆ ವಾರವೆಲ್ಲ ಅವನಿಗೆ ಕೆಲಸದಲ್ಲಿ ಮನಸ್ಸಿಲ್ಲ. ಸಾಲದ್ದಕ್ಕೆ ಬಾಗಿಲಿಗೆ ಕಟ್ಟಿದ ಪುಟ್ಟ ಗಂಟೆ ಕೆಟ್ಟಿತ್ತು. ಗಿರಾಕಿಗಳು ಒಳಗೆ ಬಂದು, ಕೆಮ್ಮಿ, ಮೇಜು ಕುಟ್ಟಿದ ಮೇಲೆಯೇ ಅವನಿಗೆ ಗೊತ್ತಾಗುತ್ತಿತ್ತು. ಹೊಸ ಗಂಟೆ ತಂದ. ಅದೂ ಕೆಟ್ಟಿತ್ತು. ಅಂಗಡಿಯವನ ಜೊತೆ ಜಗಳ ಮಾಡಿ ಬಂದ.

ಮುಂದಿನ ಭಾನುವಾರ ಹಲ್ಲಣ್ಣ ಬಂದ. ಕೊರಳಿಗೆ ಮಫ್ಲರ್, ದನಿ ಒಡೆದ ಮಡಕೆ.

"ಗಂಟಲು ಕಟ್ಟಿದೆ. ಇವತ್ತು ನೀನು ಹಾಡು, ನಾನು ಕೇಳ್ತೀನಿ."

ಹಾಡು ಶುರುವಾಯಿತು. ಗಾಜಣ್ಣ ತನ್ನ ಕೆಳದನಿ ಹಿಡಿದು ಸಾಗಿದ. ಆ ಜಾಗ ಬಂತು. ಮೇಲ್ದನಿ ಬರಲಿಲ್ಲ. ಅವನು ಹಾಡು ನಿಲ್ಲಿಸಿದ. ಮುಳ್ಳೆತ್ತಿ ಮತ್ತೆ ಇಟ್ಟ. ಎರಡು ದನಿ ಇತ್ತು, ಮೂರನೆಯದು ಇಲ್ಲವೇ ಇಲ್ಲ.

"ಮೇಲ್ದನಿ ಎಲ್ಲೋ?"

"ಮೇಲ್ದನಿ?"

"ಮುಕ್ಕ! ಸವೆಸಿ ತಂದಿದ್ದೀಯಲ್ಲೋ! ಹಲ್ಲು ಉಜ್ಜೋ ಅರ ಹಾಕಿ ಉಜ್ಜಿದ್ಯಾ?"

ಹಲ್ಲಣ್ಣ ತಿರುಗುತ್ತಿದ್ದ ರೆಕಾರ್ಡನ್ನು ನೋಡಿದ. ಆಮೇಲೆ ಗೆಳೆಯನ ಮುಖವನ್ನು ಬಹಳ ಹೊತ್ತು ನೋಡಿದ. ಆ ನೋಟ ತಪ್ಪಿತಸ್ಥನದೆಂದು ಗಾಜಣ್ಣ ತೀರ್ಮಾನಿಸಿದ.

"ಹೌದು ಕಣೋ," ಎಂದ ಹಲ್ಲಣ್ಣ. "ನಮ್ಮನೆ ಪ್ಲೇಯರಿನ ಮುಳ್ಳು ಹಳೇದು. ತಪ್ಪಾಯ್ತು."

"ಇನ್ಮೇಲೆ ಈ ಕಡೆ ತಲೆ ಹಾಕ್ಬೇಡ."

ಹಲ್ಲಣ್ಣ ಮಫ್ಲರ್ ಸರಿಮಾಡಿಕೊಂಡು ಹೋದ.

ಒಂದೇ ಗೋಡೆಯ ಎರಡು ಬದಿಯಲ್ಲಿ ಮಾತು ನಿಂತಿತು. ಕೆಲವು ದಿನಗಳ ಮೇಲೆ ಹಲ್ಲಣ್ಣನ ಅಂಗಡಿಯ ಬಾಗಿಲು ಎಳೆದದ್ದು ಎಳೆದಂತೆಯೇ ಉಳಿಯಿತು.

"ರೀ, ಅವರನ್ನ ಆಸ್ಪತ್ರೆಗೆ ಸೇರಿಸಿದ್ದಾರಂತೆ. ಗಂಟಲಿಗೆ ಏನೋ ದೊಡ್ಡ ಆಪರೇಷನ್ನಂತೆ. ಹೋಗಿ ನೋಡ್ಕೊಂಡು ಬರಬಾರದಾ?"

"ಮಫ್ಲರ್ ಹಾಕ್ಕೊಂಡ್ರೆ ಹೋಗೋ ಶೀತ. ಅವನಿಗೆ ಎಲ್ಲಾ ದೊಡ್ಡದೇ," ಎಂದ ಗಾಜಣ್ಣ. ಎಂದ ಮೇಲೆ ಊಟ ಸೇರಲಿಲ್ಲ. ಆದರೆ ಸಿಟ್ಟನ್ನು ಇಳಿಸುವ ಮೆಟ್ಟಿಲು ಅವನಿಗೆ ಸಿಗಲಿಲ್ಲ. ಕ್ಷಮೆ ಕೇಳಲು ಅವನೇ ಬರಲಿ ಎಂದು ಕುಳಿತ. ಎಷ್ಟೋ ಭಾನುವಾರಗಳು ಹಾಗೇ ಹೋದವು.

ಒಂದು ಮಧ್ಯಾಹ್ನ, ಹಾಳಾದ ರೆಕಾರ್ಡನ್ನೇ ಹಾಕಿಕೊಂಡು, ಹುಣ್ಣು ಕೆರೆದುಕೊಳ್ಳುವವನಂತೆ ಆ ಜಾಗಕ್ಕೆ ಕಿವಿಗೊಟ್ಟು ಕುಳಿತಿದ್ದಾಗ ಹೆಂಡತಿ ಚಹಾ ತಂದಳು.

"ಅಬ್ಬಬ್ಬ, ಈ ಕಿರುಚುವವನೊಬ್ಬ! ಇಷ್ಟು ವರ್ಷ ಆದ್ರೂ ಅವನ ಗಂಟಲು ನೋಯೋದಿಲ್ವಾ?"

ಗಾಜಣ್ಣ ತಲೆಯೆತ್ತಿದ. "ಯಾರು?"

"ಇವನೇ. ಈಗ ಮೇಲಕ್ಕೆ ಹೋಗಿ ನಿಂತಿದ್ದಾನಲ್ಲ. ಕೇಳ್ತಿಲ್ವಾ?"

"ಈಗ?"

"ಈಗ್ಲೇ ರೀ. ಸೂಜಿ ಚುಚ್ಚಿದ ಹಾಗೆ."

ಗಾಜಣ್ಣ ಎದ್ದು ಬಾಗಿಲಿಗೆ ಹೋಗಿ ಹೊಸ ಗಂಟೆಯನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿದ. ನಾಲಿಗೆ ಆಚೆ ಈಚೆ ಹೊಡೆಯುವುದು ಕಂಡಿತು, ಬೆರಳಿಗೆ ನಡುಕ ತಾಗಿತು. ಸದ್ದಿಲ್ಲ.

"ಯಾಕ್ರೀ, ಕಿವಿ ತೂತಾಗೋ ಹಾಗೆ ಬಾರಿಸ್ತೀರಿ?" ಎಂದಳು ಒಳಗಿನಿಂದ ಹೆಂಡತಿ.

ಆಗ ಅವನಿಗೆ ಒಂದೊಂದಾಗಿ ಹೊಳೆಯಿತು. ರೆಕಾರ್ಡಿನ ಮೇಲ್ದನಿ ಅವನಿಗೆ ಕೇಳಿಸದೆ ವರ್ಷಗಳೇ ಕಳೆದಿರಬೇಕು. ಇಷ್ಟು ದಿನ ಕೇಳಿ ಕಣ್ಣು ಒದ್ದೆ ಮಾಡಿಕೊಂಡದ್ದು ಪಕ್ಕದಲ್ಲಿ ಭುಜ ತಾಗಿಸಿ, ಕಿವಿಯ ಬುಡದಲ್ಲಿ ಹಾಡುತ್ತಿದ್ದ ಹಲ್ಲಣ್ಣನನ್ನು. ಅವನು ಬಾಯಿ ಮುಚ್ಚಿದ ದಿನ ಇಂಗ್ಲೆಂಡೇ ಬಾಯಿ ಮುಚ್ಚಿತು.

ರೆಕಾರ್ಡನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಚಹಾ ಮುಟ್ಟದೆ, ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಹೆಂಡತಿಯದು ಮೆಟ್ಟಿ ಹೊರಟ.

ಹಲ್ಲಣ್ಣ ಆಸ್ಪತ್ರೆಯಿಂದ ಮನೆಗೆ ಬಂದು, ಕಿಟಕಿಯ ಬಳಿಯ ಮಂಚದಲ್ಲಿ ದಿಂಬಿಗೆ ಒರಗಿದ್ದ. ಅರ್ಧಕ್ಕರ್ಧ ಆಗಿದ್ದ. ಕೊರಳ ಮುಂದೆ ಬಟ್ಟೆ ಕಟ್ಟಿತ್ತು, ಅದರ ಹಿಂದೆ ಉಸಿರು ಸುಯ್ಗುಟ್ಟುತ್ತಿತ್ತು. ಗಾಜಣ್ಣನ ಕಾಲು ನೋಡಿ ನಕ್ಕ. ನಗುವಿಗೆ ಸದ್ದಿರಲಿಲ್ಲ.

"ಗಂಟಲಲ್ಲಿರೋ ದನಿಪೆಟ್ಟಿಗೇನೇ ತೆಗೆದುಬಿಟ್ರು," ಎಂದಳು ಹಲ್ಲಣ್ಣನ ಹೆಂಡತಿ. "ದನಿ ಹೋಗುತ್ತೆ ಅಂತ ಡಾಕ್ಟರು ಮೊದಲೇ ಹೇಳಿದ್ರು. ಅದಕ್ಕೇ ಆ ವಾರ ರೆಕಾರ್ಡು ತಂದ್ರು. ಇರೋವಷ್ಟು ದಿನ ಹಾಡಿಬಿಡ್ತೀನಿ ಅಂತ, ಬೇಡ ಅಂದ್ರೂ ಕೇಳದೆ, ಬೆಳಗ್ಗೆಯಿಂದ ಸಂಜೆವರೆಗೂ."

ಗಾಜಣ್ಣ ಮಂಚದ ಅಂಚಿನಲ್ಲಿ ಕುಳಿತ. "ನನ್ನ ಕಿವಿ ಹೋಗಿದೆ ಅಂತ ನಿಂಗೆ ಅವತ್ತೇ ಗೊತ್ತಾಯ್ತಾ?"

ಹಲ್ಲಣ್ಣ ಹೌದೆಂದು ತಲೆಯಾಡಿಸಿದ.

"ಮತ್ತೆ ಯಾಕೋ ಹೇಳ್ಲಿಲ್ಲ? ಯಾಕೋ ಬೈಸ್ಕೊಂಡೆ?"

ಹಲ್ಲಣ್ಣ ಹೆಂಡತಿಯ ಕಡೆ ನೋಡಿದ. ಅವಳು ಸೆರಗಿನ ತುದಿ ಸುತ್ತುತ್ತ ಹೇಳಿದಳು, "ನಾನೂ ಕೇಳ್ದೆ. ರೆಕಾರ್ಡು ಹಾಳಾಯ್ತು ಅಂದ್ಕೊಂಡ್ರೆ ಎಲ್ಲಾದ್ರೂ ಇನ್ನೊಂದು ಸಿಗುತ್ತೆ ಅಂತ ಅವನಿಗೆ ಆಸೆ ಇರುತ್ತೆ, ಕಿವೀನೇ ಹೋಯ್ತು ಅಂದ್ರೆ ಏನಿರುತ್ತೆ, ಅಂದ್ರು. ಆಪರೇಷನ್ ಹಿಂದಿನ ದಿನ."

ಗಾಜಣ್ಣನಿಗೆ ಹೇಳಲು ಬೇಕಾದಷ್ಟಿತ್ತು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ. "ಅತ್ತಿಗೆ, ಪ್ಲೇಯರ್ ಎಲ್ಲಿದೆ?" ಎಂಬುದಷ್ಟೇ ಹೊರಬಂತು. ಅವಳು ಪ್ಲೇಯರನ್ನು ಮಂಚದ ಪಕ್ಕ ತಂದಿಟ್ಟು ಅಡುಗೆಮನೆಗೆ ಹೋದಳು.

ಹೆಸರು ಕೂಗುವ ಧೈರ್ಯವಾಗದೆ ನೇರವಾಗಿ ಮುಳ್ಳಿಟ್ಟ. ಹಾಡು ಬಂತು. ಹಲ್ಲಣ್ಣ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸತೊಡಗಿದ. ಗಾಜಣ್ಣ ಭುಜ ತಾಗಿಸಿ ಕುಳಿತು ತನ್ನ ಪಾಲು ಹಾಡಿದ. ಅದು ದಾರಿ ತಪ್ಪಿದ ಕೋಣದ ಹಾಗೆಯೇ ಇತ್ತು. ಆ ಜಾಗ ಬಂದಾಗ ಹಲ್ಲಣ್ಣನ ತುಟಿ ದುಂಡಗಾಗಿ, ಗಲ್ಲ ಮೇಲೆದ್ದು, ಹಾಗೆಯೇ ನಿಂತಿತು. ಗಾಜಣ್ಣ ಅದನ್ನೇ ನೋಡಿದ. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದ. ಏನೂ ಕೇಳಿಸಲಿಲ್ಲ.

ಹಾಡು ಮುಗಿಯಿತು. ಹಲ್ಲಣ್ಣ ಬೆರಳು ತಿರುಗಿಸಿ ತೋರಿಸಿದ: ಇನ್ನೊಂದು ಬದಿ ಹಾಕು. ಗಾಜಣ್ಣ ರೆಕಾರ್ಡು ಮಗುಚಿ ಮುಳ್ಳೆತ್ತಿದಾಗ ಹಲ್ಲಣ್ಣ ಅವನ ಕೈ ಹಿಡಿದು ನಡುವಿನ ಚೀಟಿಯನ್ನು ಬೆರಳಿನಿಂದ ತಟ್ಟಿದ.

ಗಾಜಣ್ಣ ಜೇಬಿನಿಂದ ಭೂತಗಾಜು ತೆಗೆದು, ಬ್ರಾಕೆಟ್ಟಿನೊಳಗಿದ್ದ ಹೆಸರನ್ನು ಎಂದಿನಂತೆ ಗಟ್ಟಿಯಾಗಿ ಕೂಗಿದ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಉತ್ತರ ಬರಲಿಲ್ಲ.

ಅವನು ತಲೆಯೆತ್ತಿ ನೋಡಿದ. ಹಲ್ಲಣ್ಣ ಕೊನೆಯ ಬೆಂಚಿನ ಹುಡುಗನಂತೆ ಕೈ ಎತ್ತಿಕೊಂಡು ಕುಳಿತಿದ್ದ.