ಎಂಟು ಗಂಟೆಯ ಬ್ಯಾಚು

ಡಿಗ್ರಿ ಕಾಲೇಜಿನ ಮೊದಲ ವಾರ ನಮ್ಮನ್ನೆಲ್ಲ ಸಭಾಂಗಣದಲ್ಲಿ ಕೂರಿಸಿ, ಹೊರಗಿನಿಂದ ಕರೆಸಿದ್ದ ಒಬ್ಬರು ಸಮಯಪಾಲನೆಯ ಬಗ್ಗೆ ಒಂದು ತಾಸು ಮಾತಾಡಿದರು. ಅವರೇ ಅರ್ಧ ತಾಸು ತಡವಾಗಿ ಬಂದಿದ್ದರು. ಕೊನೆಗೆ ಎಲ್ಲರಿಗೂ ಒಂದೊಂದು ಹಾಳೆ ಹಂಚಿದರು. ದಿನದ ಇಪ್ಪತ್ನಾಲ್ಕು ತಾಸಿಗೆ ಇಪ್ಪತ್ನಾಲ್ಕು ಮನೆ ಹಾಕಿದ್ದ ಹಾಳೆ. ನಿದ್ದೆಗೆ ನೀಲಿ, ವ್ಯಾಯಾಮಕ್ಕೆ ಹಸಿರು, ಓದಿಗೆ ಹಳದಿ, ಹವ್ಯಾಸಕ್ಕೆ ಕೆಂಪು ಬಣ್ಣ ತುಂಬಿ ನಮ್ಮ ದಿನಚರಿ ನಾವೇ ಮಾಡಿಕೊಳ್ಳಬೇಕಂತೆ. ನಾನು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಬಸ್ಸಿಗೆ ಕಾಯುವುದಕ್ಕೆ ಅದರಲ್ಲಿ ಯಾವ ಬಣ್ಣವೂ ಇರಲಿಲ್ಲ.

ನಮ್ಮೂರು ಖಾನಾಪುರದಿಂದ ಎಂಟು ಕಿಲೋಮೀಟರ್ ಒಳಗೆ. ಊರಿನ ಮೊದಲ ಬಸ್ಸು ಬೆಳಿಗ್ಗೆ ಆರೂ ಮುಕ್ಕಾಲಿಗೆ. ಅದು ಖಾನಾಪುರ ಮುಟ್ಟುವಾಗ ಏಳು ದಾಟಿರುತ್ತದೆ. ಅಲ್ಲಿಂದ ಬೆಳಗಾವಿಗೆ ಇನ್ನೊಂದು ಬಸ್ಸು, ಬೆಳಗಾವಿಯ ನಿಲ್ದಾಣದಿಂದ ಕಾಲೇಜಿಗೆ ಮತ್ತೊಂದು. ಎಲ್ಲ ದೇವರು ದಿಂಡರು ಕಣ್ಣು ತೆರೆದ ದಿನ ಎಂಟು ಇಪ್ಪತ್ತೈದಕ್ಕೆ ಗೇಟು ಕಾಣುತ್ತಿತ್ತು. ನನ್ನ ರಸಾಯನಶಾಸ್ತ್ರದ ಪ್ರಾಕ್ಟಿಕಲ್ ಇದ್ದದ್ದು ಎಂಟಕ್ಕೆ. ಎಂಟೂ ಹತ್ತಕ್ಕೆ ಬಾಗಿಲು ಹಾಕಿ ಹಾಜರಿ ಕರೆಯುತ್ತಿದ್ದರು. ಮುಕ್ಕಾಲು ಪಾಲು ಹಾಜರಿ ಇಲ್ಲದಿದ್ದರೆ ಹಾಲ್ ಟಿಕೆಟ್ ಇಲ್ಲ. ಹಾಲ್ ಟಿಕೆಟ್ ಇಲ್ಲವೆಂದರೆ ಪರೀಕ್ಷೆಯೂ ಇಲ್ಲ.

ಈ ಎಂಟು ಗಂಟೆ ನನ್ನ ಹಣೆಗೆ ಅಂಟಿದ್ದು ಹೇಗೆ ಅಂತ ಹೇಳಿದರೆ ನಗಬೇಕೋ ಅಳಬೇಕೋ ನೀವೇ ನೋಡಿ. ನಮ್ಮ ತರಗತಿಯಲ್ಲಿ ಎರಡು ಬ್ಯಾಚು. ಮೊದಲ ಅರ್ಧ ರೋಲ್ ನಂಬರಿನವರಿಗೆ ಪ್ರಾಕ್ಟಿಕಲ್ ಬೆಳಿಗ್ಗೆ ಎಂಟಕ್ಕೆ, ಉಳಿದ ಅರ್ಧಕ್ಕೆ ಮಧ್ಯಾಹ್ನ ಎರಡಕ್ಕೆ. ನಡುವೆ ಹತ್ತೂವರೆಯಿಂದ ಎಲ್ಲರಿಗೂ ಒಟ್ಟಿಗೆ ಪಾಠ. ಇನ್ನು ರೋಲ್ ನಂಬರು ಕೊಟ್ಟದ್ದು ಯಾರು ಮೊದಲು ಬಂದು ಅಡ್ಮಿಶನ್ ಮಾಡಿಸಿದರೋ ಆ ಲೆಕ್ಕದಲ್ಲಿ.

ನಮ್ಮಪ್ಪ ಊರಿನ ರೇಷನ್ ಅಂಗಡಿಯಲ್ಲಿ ತೂಕ ಮಾಡುವವನು. ಇಪ್ಪತ್ತು ವರ್ಷ ಜನರನ್ನು ಪಾಳಿಯಲ್ಲಿ ನಿಲ್ಲಿಸಿದ ಮನುಷ್ಯ. ಪಾಳಿಯಲ್ಲಿ ಮುಂದೆ ನಿಂತವನಿಗೆ ಒಳ್ಳೆ ಅಕ್ಕಿ, ಹಿಂದೆ ನಿಂತವನಿಗೆ ನುಚ್ಚು ಅನ್ನುವುದು ಅವನಿಗೆ ಗೊತ್ತಿದ್ದ ಜಗತ್ತಿನ ನ್ಯಾಯ. ಅಡ್ಮಿಶನ್ ಶುರುವಾದ ಮೊದಲ ದಿನ, ಇನ್ನೂ ಕತ್ತಲಿರುವಾಗಲೇ ಪಕ್ಕದ ಮನೆಯ ಕಾಕಾನನ್ನು ಎಬ್ಬಿಸಿ, ಅವನ ಬೈಕಿನಲ್ಲಿ ಬೆಳಗಾವಿಗೆ ಹೋಗಿ ಕಾಲೇಜಿನ ಗೇಟಿನ ಮುಂದೆ ನಿಂತ. ನನ್ನನ್ನು ಬಸ್ಸಿನಲ್ಲಿ ಬಾ ಅಂದಿದ್ದ. ನಾನು ಹೋಗುವಷ್ಟರಲ್ಲಿ ಪಾಳಿಯಲ್ಲಿ ಮೂರನೆಯವನಾಗಿ ನಿಂತು, ಮುಂದಿನ ಇಬ್ಬರೊಂದಿಗೆ ಸ್ನೇಹವನ್ನೂ ಮಾಡಿಕೊಂಡಿದ್ದ. ಒಬ್ಬ ಬೈಲಹೊಂಗಲ ಕಡೆಯವನು, ಇನ್ನೊಬ್ಬ ಹುಕ್ಕೇರಿ ಕಡೆಯವನು.

"ರೋಲ್ ನಂಬರ ಮೂರು!" ಅಂತ ಸಂಜೆ ಅವ್ವನ ಮುಂದೆ ಎದೆ ಉಬ್ಬಿಸಿದ. "ಲಗೂ ಎದ್ದಾವ್ರ ಕೆಲಸ ಎಂದೂ ಕೆಡಂಗಿಲ್ಲ ನೋಡ."

ಕಚೇರಿಯ ಕೆಲಸವೆಂದರೆ ಹಳ್ಳಿಯವರೆಲ್ಲ ಮಾಡುವುದು ಹೀಗೇ. ಎಲ್ಲಿ ಮುಗಿದುಹೋಗುತ್ತದೋ ಅಂತ ಹೆದರಿ ಕೋಳಿ ಕೂಗುವ ಮೊದಲೇ ಓಡುತ್ತೇವೆ. ಬೆಳಗಾವಿಯೊಳಗಿನ ಸದಾಶಿವನಗರದವರು, ರಾಮತೀರ್ಥ ನಗರದವರು ಕೊನೆಯ ದಿನ ಊಟ ಮುಗಿಸಿ, ಸ್ಕೂಟಿ ಮೇಲೆ ಬಂದು ಫಾರ್ಮು ತುಂಬಿ ಹೋದರು. ಹೀಗಾಗಿ ದೂರದ ಹಳ್ಳಿಗಳ ಮಕ್ಕಳೆಲ್ಲ ಎಂಟು ಗಂಟೆಯ ಬ್ಯಾಚಿಗೆ, ಕಾಲೇಜಿನ ಪಕ್ಕದಲ್ಲೇ ಮನೆ ಇದ್ದವರೆಲ್ಲ ಮಧ್ಯಾಹ್ನದ ಬ್ಯಾಚಿಗೆ. ಯಾರೋ ಬೇಕಂತಲೇ ಮಾಡಿದ್ದರೂ ಇಷ್ಟು ಅಚ್ಚುಕಟ್ಟಾಗಿ ಆಗುತ್ತಿರಲಿಲ್ಲ.

ಆದರೂ ನಾನು ಸುಮ್ಮನೆ ಕೂರಲಿಲ್ಲ. ಹಳೇ ಕ್ಯಾಲೆಂಡರಿನ ಹಾಳೆಯ ಹಿಂದೆ ಪಟ್ಟಿ ಹಿಡಿದು ಗೆರೆ ಎಳೆದು ನನ್ನದೇ ದಿನಚರಿ ಬರೆದೆ. ಐದಕ್ಕೆ ಏಳುವುದು, ಐದೂವರೆವರೆಗೆ ಓದು.

"ನಳದ ನೀರ ಯಾವಾಗ ತುಂಬತಿ?" ಅಂತ ಅವ್ವ ಬಾಗಿ ನೋಡಿದಳು. ನೀರು ದಿನ ಬಿಟ್ಟು ದಿನ ಬರುತ್ತಿದ್ದದ್ದು ಸರಿಯಾಗಿ ಐದಕ್ಕೆ. ಓದು ಅಳಿಸಿ ನೀರು ಅಂತ ಬರೆದೆ. ಬಸ್ಸಿನಲ್ಲಿ ಓದಬಹುದು ಅಂದುಕೊಂಡು ಬಸ್ಸಿನ ಹೊತ್ತಿಗೆ ಓದು ಅಂತ ಬರೆದೆ. ಬಸ್ಸಿನಲ್ಲಿ ಒಂದು ಕಾಲೂರಲು ಜಾಗ ಸಿಗುವುದೇ ಕಷ್ಟ, ಪುಸ್ತಕ ಬಿಚ್ಚುವುದೆಲ್ಲಿ ಬಂತು! ವಾರದೊಳಗೆ ಆ ಹಾಳೆ ಅಳಿಸಿ ಅಳಿಸಿ ತೂತು ಬಿತ್ತು.

ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ, ಖರೇ. ಪುಕ್ಕಟೆ ಹತ್ತಲು ಬಸ್ಸು ಮೊದಲು ನಿಲ್ಲಬೇಕಲ್ಲ. ಬೆಳಗಾವಿಗೆ ಹೋಗುವ ಬಸ್ಸು ಖಾನಾಪುರಕ್ಕೆ ಬರುವಷ್ಟರಲ್ಲೇ ತುಂಬಿರುತ್ತಿತ್ತು. ಹೆಗಲಿಗೆ ಚೀಲ ಹಾಕಿದ ಹುಡುಗಿಯರ ಹಿಂಡು ಕಂಡರೆ ಕೆಲವು ಡ್ರೈವರುಗಳು ನಿಲ್ದಾಣ ದಾಟಿ ಎಲ್ಲೋ ಮುಂದೆ ನಿಲ್ಲಿಸಿ ಇಬ್ಬರನ್ನು ಇಳಿಸಿ ಹೊರಟೇ ಬಿಡುತ್ತಿದ್ದರು. ನಾವು ಹಿಂದೆ ಓಡುತ್ತ "ನಿಂದರ್ಸ್ರಿ, ನಿಂದರ್ಸ್ರಿ" ಅಂತ ಕನ್ನಡದಲ್ಲೂ "ಥಾಂಬಾ, ಥಾಂಬಾ" ಅಂತ ಮರಾಠಿಯಲ್ಲೂ ಕೂಗುತ್ತಿದ್ದೆವು. ಅದು ಎರಡೂ ಭಾಷೆಗೆ ನಿಲ್ಲುತ್ತಿರಲಿಲ್ಲ. ನಮ್ಮ ಗಡಿಯಲ್ಲಿ ಭೇದಭಾವ ಮಾಡದವರು ಆ ಡ್ರೈವರುಗಳಷ್ಟೇ ಅಂತ ನಾವು ನಗುತ್ತಿದ್ದೆವು. ಒಳಗೆ ಮಾತ್ರ ಮೈ ಉರಿಯುತ್ತಿತ್ತು.

ಕಾಕಾನಿಗೆ ಬೆಳಗಾವಿಯ ಆಟೋ ನಗರದಲ್ಲಿ ಕೆಲಸವಿದ್ದ ದಿನ ಅವನ ಬೈಕಿನಲ್ಲಿ ಹೋಗಿ ಎಂಟರೊಳಗೆ ಮುಟ್ಟುತ್ತಿದ್ದೆ. ಉಳಿದ ದಿನ ಮುಚ್ಚಿದ ಬಾಗಿಲಿನ ಹೊರಗೆ ನಿಂತು ಒಳಗಿನ ಗ್ಯಾಸಿನ ವಾಸನೆ ಕುಡಿಯುತ್ತಿದ್ದೆ. ನನಗೆ ತುಂಬ ಇಷ್ಟವಾದ ವಿಷಯ ಅದೇ ಆಗಿತ್ತು ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಎರಡನೇ ತಿಂಗಳಲ್ಲಿ ಒಂದು ದಾರಿ ಕಂಡಿತು. ಮಧ್ಯಾಹ್ನದ ಬ್ಯಾಚಿನಲ್ಲಿದ್ದ ಸದಾಶಿವನಗರದ ಹುಡುಗಿಯೊಬ್ಬಳಿಗೆ ಮೂರು ಗಂಟೆಗೆ ತಬಲಾ ಕ್ಲಾಸು. ಅವಳಿಗೂ ಹಾಜರಿಯ ಚಿಂತೆ.

"ನೀ ನನ್ನ ಬ್ಯಾಚಿಗೆ ಬಾ, ನಾ ನಿನ್ನ ಬ್ಯಾಚಿಗೆ ಹೊಕ್ಕೀನಿ," ಅಂದಳು. ಇಬ್ಬರೂ ಕೂಡಿ ಅರ್ಜಿ ಬರೆದು, ಇಬ್ಬರೂ ಸಹಿ ಮಾಡಿ, ಕಚೇರಿಯ ಗುಮಾಸ್ತರಿಗೆ ಕೊಟ್ಟೆವು.

ಅವರು ಓದಲೂ ಇಲ್ಲ. "ರೋಲ್ ನಂಬರ್ ಅಂದ್ರ ಬಸ್ಸಿನ ಸೀಟ್ ಏನವಾ, ಅದಲಿ ಬದಲಿ ಮಾಡಾಕ?"

ವಿಭಾಗದ ಮುಖ್ಯಸ್ಥರ ಹತ್ತಿರ ಹೋದೆವು. ಟೈಮ್‌ಟೇಬಲ್ ಹಾಕಿದವರು ಅವರೇ. ಕನ್ನಡಕದ ಮೇಲಿಂದ ನನ್ನೊಬ್ಬಳನ್ನೇ ನೋಡಿದರು.

"ಒಬ್ಬೊಬ್ಬರ ಮನಿ ನೋಡಿ ಟೈಮ್‌ಟೇಬಲ್ ಹಾಕಾಕ ಆಗತೈತೇನು? ಸ್ವಲ್ಪ ಲಗೂ ಏಳೂದು ಕಲೀರಿ."

"ನಾ ಐದಕ್ಕ ಏಳ್ತೀನ್ರಿ ಸರ್. ಬಸ್ ಏಳಂಗಿಲ್ಲ," ಅಂದೆ.

ಉದ್ಧಟತನ ಅಂದರು. ಅರ್ಜಿ ವಾಪಸು ಬಂತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಹಾಗಾಯಿತು. ಕೊಡುವವಳು ಸಿದ್ಧ, ತಗೊಳ್ಳುವವಳು ಸಿದ್ಧ, ಕಾಲೇಜು ಕಳಕೊಳ್ಳುವುದು ಏನೂ ಇಲ್ಲ. ಆದರೂ ಆಗುವುದಿಲ್ಲ. ಯಾಕೆ ಆಗುವುದಿಲ್ಲ ಅಂತ ಆ ಕಟ್ಟಡದಲ್ಲಿ ಒಬ್ಬರೂ ಹೇಳಲಿಲ್ಲ.

ಪರೀಕ್ಷೆಗೆ ಮೊದಲು ಹಾಜರಿ ಕಡಿಮೆ ಇದ್ದವರ ಪಟ್ಟಿ ಬೋರ್ಡಿಗೆ ಬಂತು. ಹತ್ತೊಂಬತ್ತು ಹೆಸರು. ಒಂದನ್ನು ಬಿಟ್ಟು ಎಲ್ಲವೂ ಎಂಟು ಗಂಟೆಯ ಬ್ಯಾಚಿನವು, ಆ ಒಂದು ತಬಲಾದವಳದು. ತಂದೆಯೋ ತಾಯಿಯೋ ಬಂದು ಮುಚ್ಚಳಿಕೆ ಬರೆದುಕೊಟ್ಟರೆ ಮಾತ್ರ ಹಾಲ್ ಟಿಕೆಟ್ ಅಂದರು. ಅಪ್ಪ ರೇಷನ್ ಅಂಗಡಿಗೆ ರಜೆ ಹಾಕಿ ನನ್ನ ಜೊತೆ ಬಂದ.

ಗುಮಾಸ್ತರು ಅಚ್ಚು ಹಾಕಿದ ಕಾಗದ ಮುಂದಿಟ್ಟರು. ಅಪ್ಪ ಸಾಲಿನ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಿದ. ನಾನೂ ಅವನ ಹೆಗಲ ಮೇಲಿಂದ ಓದಿದೆ. ನನ್ನ ಮಗಳು ತನ್ನ ನಿರ್ಲಕ್ಷ್ಯದಿಂದ ತರಗತಿಗಳಿಗೆ ಗೈರುಹಾಜರಾಗಿದ್ದು, ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುವ ಹೊಣೆ ನನ್ನದು, ಅಂತ ಇತ್ತು.

"ಆ ನಿರ್ಲಕ್ಷ್ಯ ಅನ್ನೂದು ಹೊಡದ್ ಹಾಕ್ರಿ," ಅಂದೆ. "ಬಸ್ ಇಲ್ಲ ಅಂತ ಬರ್ಕೋರಿ."

"ಛಾಪಿಸಿದ ಫಾರ್ಮ್ ತಿದ್ದಂಗಿಲ್ಲ. ತಿದ್ದಿದ್ರ ಹಾಲ್ ಟಿಕೆಟ್ ಬರಂಗಿಲ್ಲ. ನೋಡ್ರಿ, ನಿಮ್ಮ ಇಚ್ಛಾ."

ಅಪ್ಪ ಇನ್ನೊಂದು ಸಲ ಓದಿದ. ಆಮೇಲೆ ಪೆನ್ನು ತೆಗೆದು, "ಎಲ್ಲಿ ಮಾಡಬೇಕ್ರಿ?" ಅಂತ ಕೇಳಿ, ಅವರು ತೋರಿಸಿದಲ್ಲಿ ಸಹಿ ಮಾಡಿದ.

ಹೊರಗೆ ಬಂದು ಮೆಟ್ಟಿಲ ಮೇಲೆ ನಾನು ಅವನ ಮೇಲೆ ಹರಿಹಾಯ್ದೆ. ಸುತ್ತ ಜನ ನೋಡುತ್ತಿದ್ದರು, ನನಗೆ ಅದರ ಪರಿವೆ ಇರಲಿಲ್ಲ. "ಯಾಕ ಸಹಿ ಮಾಡಿದಿ ಅಪ್ಪಾ? ನಾ ನಿರ್ಲಕ್ಷ್ಯ ಮಾಡೀನೇನು? ನೀ ಹೇಳ, ಮಾಡೀನೇನು?"

"ಇಲ್ಲವ್ವಾ," ಅಂದ. ನನ್ನ ಮುಖ ನೋಡಲಿಲ್ಲ. "ತಪ್ಪು ನಂದು. ನಾ ಅವತ್ತ ಪಾಳಿಗೆ ಅಷ್ಟ ಲಗೂ ಬರಬಾರದಿತ್ತು."

ಪರೀಕ್ಷೆ ಬರೆದೆ, ಪಾಸಾದೆ, ಈಗ ಕೊನೆಯ ವರ್ಷದಲ್ಲಿದ್ದೇನೆ. ಆ ದಿನ ಅಪ್ಪ ನನ್ನ ಹತ್ತಿರ ತಪ್ಪೊಪ್ಪಿಕೊಂಡ. ಒಪ್ಪಿಕೊಳ್ಳಬೇಕಾದವರು ಇವತ್ತಿನವರೆಗೂ ಒಪ್ಪಿಕೊಂಡಿಲ್ಲ.